ಹಳೆಯ ಅನುದಾನಕ್ಕೆ ಹೊಸ ದರ: ಆಕ್ಷೇಪಗಳಿಗೆ ಉತ್ತರ

ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಅತಿ ಹೆಚ್ಚು ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್. 2025ರ ಫೆಬ್ರವರಿ 7, ಶುಕ್ರವಾರ, ಅದು ಒಂದು ಸುತ್ತೋಲೆ ಹೊರಡಿಸಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಅದು ಜಾರಿಗೆ ಬರಬೇಕಿತ್ತು. ಕಟ್ಟಡ, ವಿದ್ಯುತ್, ಆಡಳಿತದಂಥ ಹಂಚಿಕೆಯ ಖರ್ಚಿಗೆಂದು ವಿಶ್ವವಿದ್ಯಾಲಯಗಳಿಗೆ ಕೊಡುವ ಪರೋಕ್ಷ ವೆಚ್ಚದ ದರ ಇನ್ನು ಮುಂದೆ ಎಲ್ಲರಿಗೂ ಶೇ. 15. ಹೊಸ ಅನುದಾನಕ್ಕೂ ಅಷ್ಟೇ, ಎರಡು ಮೂರು ವರ್ಷಗಳಿಂದ ನಡೆದುಕೊಂಡು ಬಂದ ಅನುದಾನಕ್ಕೂ ಅಷ್ಟೇ. ನಡೆಯುತ್ತಿರುವ ಅನುದಾನದ ದರವನ್ನು ಹೀಗೆ ಮಧ್ಯದಲ್ಲಿ ಬದಲಿಸುವುದು ಅನ್ಯಾಯ ಎಂದು ನಾನು ಬರೆದಿದ್ದೆ. ಅದನ್ನು ಓದಿ ಹಲವರು ಒಪ್ಪಲಿಲ್ಲ. ಮೈಸೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ನಾಲ್ಕು ಪುಟ ಬರೆದರು. ಬೆಂಗಳೂರಿನ ವಿಜ್ಞಾನಿಯೊಬ್ಬರು ಬರೆದರು. ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಕಡೆಯವರೇ ಇಬ್ಬರು ಬರೆದರು. ಯಾರದ್ದೂ ಹಗುರವಾದ ಮಾತಲ್ಲ. ಆದ್ದರಿಂದ ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲಿಗೆ ನನ್ನ ಸ್ಥಾನ ಏನು ಎಂಬುದನ್ನು ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷಗಳಿಂದ ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಅನುದಾನಗಳ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. "ಇದರಲ್ಲಿ ನಿಮ್ಮ ಸ್ವಾರ್ಥವಿದೆ" ಎಂದು ನ್ಯೂಜೆರ್ಸಿಯವರೊಬ್ಬರು ಬರೆದರು. ಇದೆ. ನನ್ನ ಸಂಬಳ ಬರುವುದೂ ಪರೋಕ್ಷ ವೆಚ್ಚದ ಬಾಬಿನಿಂದಲೇ. ಅದು ಗೊತ್ತಿದ್ದೇ ಮುಂದಿನದನ್ನು ಓದಿ.

ಬ್ಯಾಂಕ್ ಮ್ಯಾನೇಜರರ ಮೊದಲ ಪ್ರಶ್ನೆ: "ಹಾರ್ವರ್ಡ್ ದರ ಶೇ. 69 ಅಂತೆ. ನೂರು ರೂಪಾಯಿಯಲ್ಲಿ ಅರವತ್ತೊಂಬತ್ತು ಮೇಲುಖರ್ಚಿಗೇ ಹೋದರೆ ಸಂಶೋಧನೆಗೆ ಉಳಿಯುವುದು ಮೂವತ್ತೊಂದೇ ಅಲ್ಲವೇ?"

ಅಲ್ಲ ಸರ್. ಈ ತಪ್ಪು ಲೆಕ್ಕ ಎಷ್ಟೋ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದರ ಹಾಕುವುದು ಒಟ್ಟು ಹಣದೊಳಗೆ ಅಲ್ಲ, ನೇರ ವೆಚ್ಚದ ಮೇಲೆ. ನೂರು ಡಾಲರ್ ನೇರ ವೆಚ್ಚವಾದರೆ ಅದರ ಮೇಲೆ ಅರವತ್ತೊಂಬತ್ತು. ಒಟ್ಟು 169ರಲ್ಲಿ 69 ಎಂದರೆ ಶೇ. 41ರ ಆಸುಪಾಸು. ಅದೂ ಎಲ್ಲ ನೇರ ವೆಚ್ಚದ ಮೇಲಲ್ಲ. ದೊಡ್ಡ ಉಪಕರಣದ ಬೆಲೆ, ವಿದ್ಯಾರ್ಥಿಗಳ ಬೋಧನಾ ಶುಲ್ಕ, ರೋಗಿಗಳ ಚಿಕಿತ್ಸಾ ವೆಚ್ಚ, ಬೇರೆ ಸಂಸ್ಥೆಗೆ ಕೊಡುವ ಉಪ-ಅನುದಾನದ ಬಹುಪಾಲು, ಇವೆಲ್ಲವನ್ನೂ ಕಳೆದ ಮೇಲೆ ಉಳಿದದ್ದಕ್ಕೆ ಮಾತ್ರ ದರ.

ಒಂದು ಲೆಕ್ಕ ಹಾಕೋಣ. ಒಬ್ಬ ಪ್ರೊಫೆಸರರಿಗೆ ವರ್ಷಕ್ಕೆ 2,50,000 ಡಾಲರ್ ನೇರ ವೆಚ್ಚದ ಅನುದಾನ ಬಂದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ 40,000 ಒಂದು ಸೂಕ್ಷ್ಮದರ್ಶಕಕ್ಕೆ, 30,000 ಪಿಎಚ್‌ಡಿ ವಿದ್ಯಾರ್ಥಿಯ ಶುಲ್ಕಕ್ಕೆ. ಇವೆರಡೂ ಹೊರಗೆ. ಉಳಿದ 1,80,000ಕ್ಕೆ ಶೇ. 52ರ ದರ ಹಾಕಿದರೆ 93,600. ಒಟ್ಟು 3,43,600ರಲ್ಲಿ ಅದು ರೂಪಾಯಿಗೆ ಇಪ್ಪತ್ತೇಳು ಪೈಸೆ. ದರ 52 ಎಂದು ಕೇಳಿದವರಿಗೆ ಅರ್ಧಕ್ಕಿಂತ ಹೆಚ್ಚು ಹೋಯಿತು ಅನ್ನಿಸುತ್ತದೆ, ಹೋಗುವುದು ಕಾಲು ಭಾಗ ಚಿಲ್ಲರೆ. ಎನ್‌ಐಎಚ್ ತನ್ನ ಸುತ್ತೋಲೆಯಲ್ಲೇ ಕೊಟ್ಟ ಅಂಕಿಯೂ ಇದಕ್ಕೆ ಹತ್ತಿರದ್ದು: 2023ರಲ್ಲಿ ಕೊಟ್ಟ 3,500 ಕೋಟಿ ಡಾಲರ್ ಅನುದಾನದಲ್ಲಿ ಪರೋಕ್ಷ ವೆಚ್ಚದ ಪಾಲು ಸುಮಾರು 900 ಕೋಟಿ.

ಇನ್ನು "ಮೇಲುಖರ್ಚು" ಎಂಬ ಹೆಸರೇ ಅದನ್ನು ಅನಗತ್ಯದ ಪಟ್ಟಿಗೆ ತಳ್ಳಿಬಿಡುತ್ತದೆ. ನಮ್ಮಲ್ಲಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್‌ಗಳು ಸಾಲಾಗಿ ನಿಂತಿವೆ. ಒಂದರ ಬಾಗಿಲು ತೆಗೆದರೆ ಮಂಜಿನ ಪುಡಿ ಉದುರಿ ಕೈಗವಸಿನ ಮೇಲೆ ಬೀಳುತ್ತದೆ. ಒಳಗೆ ರಟ್ಟಿನ ಪುಟ್ಟ ಪೆಟ್ಟಿಗೆಗಳು, ಪೆಟ್ಟಿಗೆಗೆ ಎಂಬತ್ತೊಂದು ಕೊಳವೆ, ಕೊಳವೆಯೊಳಗೆ ಯಾರದೋ ಗಡ್ಡೆಯ ಚೂರು, ಯಾರದೋ ರಕ್ತದ ಸೀರಮ್. ಒಂದೇ ಫ್ರೀಜರ್‌ನಲ್ಲಿ ಆರು ಪ್ರೊಫೆಸರರ ಮಾದರಿಗಳಿವೆ. ಕರೆಂಟ್ ಹೋದರೆ ಜನರೇಟರ್ ಹತ್ತಬೇಕು. ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದರೆ ಓಡಿ ಬರಲು ಒಬ್ಬ ಮನುಷ್ಯ ಇರಬೇಕು. ಈ ವಿದ್ಯುತ್ತನ್ನು, ಆ ಮನುಷ್ಯನ ಸಂಬಳವನ್ನು, ಕಟ್ಟಡದ ಸವಕಳಿಯನ್ನು ಆರರಲ್ಲಿ ಯಾವ ಅನುದಾನದ ಖಾತೆಗೆ ಬರೆಯುವುದು? ಯಾವ ಒಂದಕ್ಕೂ ಬರೆಯಲಾಗುವುದಿಲ್ಲ. ಆದ್ದರಿಂದಲೇ ಅದು ಪರೋಕ್ಷ. ಸಂಶೋಧನೆಗೆ ಸಂಬಂಧವಿಲ್ಲ ಎಂಬ ಅರ್ಥದಲ್ಲಿ ಅಲ್ಲ.

"ಗೇಟ್ಸ್ ಫೌಂಡೇಶನ್ ಶೇ. 10 ಕೊಡುತ್ತದೆ, ಪ್ಯಾಕಾರ್ಡ್ ಫೌಂಡೇಶನ್ ಶೇ. 15. ವಿಶ್ವವಿದ್ಯಾಲಯಗಳು ತುಟಿ ಎರಡು ಮಾಡದೆ ತೆಗೆದುಕೊಳ್ಳುತ್ತವೆ. ಸರ್ಕಾರ ಮಾತ್ರ ಯಾಕೆ ಹೆಚ್ಚು ಕೊಡಬೇಕು?" ಇದು ಎನ್‌ಐಎಚ್‌ನ ಸುತ್ತೋಲೆಯಲ್ಲೇ ಇರುವ ವಾದ, ನ್ಯೂಜೆರ್ಸಿಯ ಇನ್ನೊಬ್ಬರು ಅದನ್ನೇ ಎತ್ತಿದ್ದಾರೆ. ಇದಕ್ಕೆ ಎರಡು ಉತ್ತರವಿದೆ. ಫೌಂಡೇಶನ್‌ಗಳ ಅನುದಾನದಲ್ಲಿ ಸರ್ಕಾರ ನೇರ ವೆಚ್ಚವೆಂದು ಒಪ್ಪದ ಕೆಲವು ಬಾಬುಗಳನ್ನು ನೇರ ವೆಚ್ಚದಲ್ಲೇ ತೋರಿಸಲು ಅವಕಾಶ ಇರುತ್ತದೆ. ಹಾಗಾಗಿ 10 ಮತ್ತು 52ನ್ನು ಪಕ್ಕಪಕ್ಕ ಇಟ್ಟು ತೂಗಿದರೆ ತಕ್ಕಡಿ ಸರಿ ಇರುವುದಿಲ್ಲ. ಎರಡನೆಯದು ಮುಖ್ಯ. ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧನಾ ವೆಚ್ಚದಲ್ಲಿ ಸುಮಾರು ಶೇ. 55 ಒಕ್ಕೂಟ ಸರ್ಕಾರದ ಹಣ, ಸುಮಾರು ಕಾಲು ಭಾಗ ವಿಶ್ವವಿದ್ಯಾಲಯಗಳ ಸ್ವಂತ ಹಣ. ಫೌಂಡೇಶನ್‌ಗಳ ಪಾಲು ಸಣ್ಣದು. ಲ್ಯಾಬ್ ಕಟ್ಟಿದ್ದು, ಫ್ರೀಜರ್ ಇಟ್ಟಿದ್ದು ದೊಡ್ಡ ಪಾಲುದಾರನ ಭರವಸೆಯ ಮೇಲೆ. ಅದು ಇರುವುದರಿಂದಲೇ ಸಣ್ಣ ಪಾಲುದಾರನಿಂದ ಕಡಿಮೆ ತೆಗೆದುಕೊಂಡು ಸಾಗಿಸಲು ಆಗುತ್ತದೆ. ದೊಡ್ಡವನೂ ಅಷ್ಟೇ ಕೊಡುತ್ತೇನೆ ಎಂದರೆ ಉಳಿದದ್ದನ್ನು ತುಂಬಲು ಯಾರೂ ಇರುವುದಿಲ್ಲ.

ಆಡಳಿತದ ಕೊಬ್ಬಿನ ಬಗ್ಗೆ ಬಂದ ಟೀಕೆಯನ್ನು ನಾನು ಅರ್ಧ ಒಪ್ಪುತ್ತೇನೆ. 1990ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದದ್ದು ನಮ್ಮ ವೃತ್ತಿಯವರೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ. ವಿಹಾರ ನೌಕೆಯ ಸವಕಳಿ, ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಯ ಹೂವಿನ ಖರ್ಚು ಇವೆಲ್ಲ ಪರೋಕ್ಷ ವೆಚ್ಚದ ಲೆಕ್ಕದೊಳಗೆ ಸೇರಿದ್ದವು. ಸಂಸದ ಜಾನ್ ಡಿಂಗೆಲ್ 1991ರಲ್ಲಿ ವಿಚಾರಣೆ ನಡೆಸಿದರು. ಅಧ್ಯಕ್ಷ ಡೊನಾಲ್ಡ್ ಕೆನಡಿ ಅದೇ ವರ್ಷ ರಾಜೀನಾಮೆ ಪ್ರಕಟಿಸಿದರು. ಕೊನೆಗೆ 1994ರಲ್ಲಿ ಸರ್ಕಾರದೊಂದಿಗೆ ರಾಜಿಯಾಯಿತು. ಆದರೆ ಆ ಪ್ರಕರಣದ ಫಲವಾಗಿಯೇ ಆಡಳಿತ ವೆಚ್ಚಕ್ಕೆ ಶೇ. 26ರ ಮಿತಿ ಬಂತು. ಮೂವತ್ತು ವರ್ಷಕ್ಕೂ ಮಿಕ್ಕಿ ಅದು ಕದಲಿಲ್ಲ. ಈ ಅವಧಿಯಲ್ಲಿ ಮಾನವ ಪ್ರಯೋಗದ ನೈತಿಕ ಸಮಿತಿ, ದತ್ತಾಂಶ ಸುರಕ್ಷತೆ, ರಫ್ತು ನಿಯಂತ್ರಣ, ವಿದೇಶಿ ಸಂಬಂಧಗಳ ಘೋಷಣೆ ಎಂದು ಸರ್ಕಾರವೇ ಹೇರಿದ ಕೆಲಸಗಳು ಬೆಳೆಯುತ್ತ ಹೋದವು. ಮಿತಿ ಮೀರಿದ ಖರ್ಚನ್ನು ವಿಶ್ವವಿದ್ಯಾಲಯವೇ ಹೊರುತ್ತಿದೆ. ಇಂದು ಒಂದು ಸಂಸ್ಥೆಯ ದರ 50, ಇನ್ನೊಂದರದ್ದು 65 ಇದ್ದರೆ ಆ ವ್ಯತ್ಯಾಸ ಬಹುತೇಕ ಕಟ್ಟಡ, ವಿದ್ಯುತ್, ಸವಕಳಿಯ ಬಾಬಿನದ್ದು. ಗುಮಾಸ್ತರ ಬಾಬಿನದ್ದಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ಬೆಂಗಳೂರಿನ ವಿಜ್ಞಾನಿ ಬರೆದದ್ದು: "ಈಗಾಗಲೇ ಕೊಟ್ಟ ಹಣವನ್ನು ವಾಪಸು ಕೇಳಿಲ್ಲವಲ್ಲ. ಫೆಬ್ರವರಿ 10ರ ನಂತರದ ಖರ್ಚಿಗೆ ಮಾತ್ರ ಹೊಸ ದರ. ಇದರಲ್ಲಿ ಹಿಂದಕ್ಕೆ ಹೋಗಿ ಅನ್ವಯಿಸಿದ್ದು ಏನಿದೆ?"

ಓದಿದಾಗ ನ್ಯಾಯವಾಗಿಯೇ ಕಾಣುವ ಮಾತು. ಆದರೆ ಅನುದಾನ ಎನ್ನುವುದು ತಿಂಗಳ ಸಾಮಾನಿನ ಚೀಟಿಯಲ್ಲ, ಮುಂದಿನ ತಿಂಗಳದ್ದನ್ನು ಬೇರೆ ಅಂಗಡಿಯಲ್ಲಿ ತಂದರಾಯಿತು ಎನ್ನುವುದಕ್ಕೆ. ನಾಲ್ಕೈದು ವರ್ಷದ ಅವಧಿಗೆ ಒಮ್ಮೆ ಸ್ಪರ್ಧೆಯಲ್ಲಿ ಗೆದ್ದು ಪಡೆದದ್ದು. ಒಕ್ಕೂಟ ಸರ್ಕಾರದ ಅನುದಾನ ನಿಯಮದಲ್ಲಿ ಇದಕ್ಕೆಂದೇ ಒಂದು ವಿಧಿ ಇದೆ: ಅನುದಾನ ಮಂಜೂರಾದಾಗ ಯಾವ ದರದ ಒಪ್ಪಂದ ಜಾರಿಯಲ್ಲಿತ್ತೋ ಅದೇ ಆ ಅನುದಾನದ ಪೂರ್ತಿ ಅವಧಿಗೆ ಅನ್ವಯ. ದರದಲ್ಲಿ ಆಮೇಲೆ ಆದ ಬದಲಾವಣೆಯ ಕಾರಣಕ್ಕೆ ಅನುದಾನದ ಮೊತ್ತವನ್ನು ಹೊಂದಿಸುವಂತಿಲ್ಲ. ಮತ್ತೆ ಸ್ಪರ್ಧಿಸಿ ನವೀಕರಣ ಪಡೆದಾಗ ಮಾತ್ರ ಹೊಸ ದರ.

ಈ ವಿಧಿ ಎರಡೂ ಕಡೆಗೆ ಕಟ್ಟುವ ವಿಧಿ ಎಂಬುದನ್ನು ಆಕ್ಷೇಪಿಸಿದವರು ಯಾರೂ ಗಮನಿಸಿದಂತಿಲ್ಲ. ನಾನು ಹದಿನಾಲ್ಕು ವರ್ಷ ಈ ಕೆಲಸ ಮಾಡಿ ಕಂಡದ್ದು ಹೆಚ್ಚಾಗಿ ಅದರ ಇನ್ನೊಂದು ಮುಖವನ್ನು. ಕೆಲವು ವರ್ಷಗಳಿಗೊಮ್ಮೆ ನಾವು ದರದ ಪ್ರಸ್ತಾವ ತಯಾರಿಸುತ್ತೇವೆ. ಕ್ಯಾಂಪಸ್ಸಿನ ಒಂದೊಂದು ಕೋಣೆಯನ್ನೂ ಲೆಕ್ಕಕ್ಕೆ ಹಿಡಿದು, ಅದರಲ್ಲಿ ಸಂಶೋಧನೆಗೆ ಎಷ್ಟು ಭಾಗ, ಪಾಠಕ್ಕೆ ಎಷ್ಟು ಭಾಗ ಎಂದು ಬರೆಯುತ್ತೇವೆ. ಸರ್ಕಾರದ ಅಧಿಕಾರಿಗಳು ಅದನ್ನು ಪರಿಶೀಲಿಸುತ್ತಾರೆ, ಕಡಿಯುತ್ತಾರೆ, ಮಾತುಕತೆಯಾಗುತ್ತದೆ, ಸಹಿ ಬೀಳುತ್ತದೆ. ಹೀಗೆ ನಮ್ಮ ದರ ಶೇ. 48.5ರಿಂದ 50ಕ್ಕೆ, 52ಕ್ಕೆ, 53.5ಕ್ಕೆ ಬಂತು. ಪ್ರತಿ ಸಲ ದರ ಏರಿದಾಗಲೂ ಯಾರಾದರೊಬ್ಬ ಹೊಸ ಡೀನ್ ಕೇಳುತ್ತಾರೆ, "ಹಳೆಯ ಅನುದಾನಗಳಿಗೂ ಇದೇ ದರ ಹಾಕಬಹುದಲ್ಲ?" ಪ್ರತಿ ಸಲ ನಮ್ಮ ಉತ್ತರ ಒಂದೇ: ಆಗುವುದಿಲ್ಲ. 48.5ಕ್ಕೆ ಬಂದದ್ದು 48.5ಕ್ಕೇ ಮುಗಿಯಬೇಕು. ಮೇಲೆ ಹೇಳಿದ 1,80,000 ಡಾಲರ್ ಲೆಕ್ಕದಲ್ಲಿ ಐದು ಅಂಶದ ವ್ಯತ್ಯಾಸ ಎಂದರೆ ವರ್ಷಕ್ಕೆ 9,000 ಡಾಲರ್, ಒಂದೇ ಅನುದಾನಕ್ಕೆ. ಅಂಥವು ನೂರಾರು. ಖರ್ಚು ಏರಿದರೂ ನಾವು ಕೇಳಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ, ಇರಬಾರದು ಕೂಡ.

ಮ್ಯಾನೇಜರ್ ಸಾಹೇಬರೇ, ಇದು ತಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯ. ಸ್ಥಿರ ಬಡ್ಡಿ ದರಕ್ಕೆ ಸಾಲ ಮಂಜೂರು ಮಾಡಿ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೀರಿ. ಮಾರುಕಟ್ಟೆಯಲ್ಲಿ ಬಡ್ಡಿ ಇಳಿದಾಗ ಸಾಲಗಾರ ಬಂದು ಇನ್ನು ಮುಂದಿನ ಕಂತುಗಳಿಗೆ ಮಾತ್ರ ಕಡಿಮೆ ಬಡ್ಡಿ ಕಟ್ಟುತ್ತೇನೆ, ಹಿಂದೆ ಕಟ್ಟಿದ್ದನ್ನು ವಾಪಸು ಕೇಳುತ್ತಿಲ್ಲವಲ್ಲ ಎಂದಿದ್ದರೆ ತಾವು ಒಪ್ಪುತ್ತಿದ್ದಿರೇ? ಮುಂದಿನ ಕಂತು ಮುಂದಿನದೇ. ಆದರೆ ಅದರ ದರ ನಿಗದಿಯಾದದ್ದು ಹಿಂದೆ.

ಮುಂದಿನ ಖರ್ಚು ಎನ್ನುತ್ತೀರಿ. ಅದರಲ್ಲಿ ಎಷ್ಟು ಪಾಲು ನಿಜವಾಗಿ ಮುಂದಿನದು? ಲ್ಯಾಬ್ ಕಟ್ಟಡಕ್ಕೆ ಎತ್ತಿದ ಸಾಲದ ಕಂತು ಇಪ್ಪತ್ತು ಮೂವತ್ತು ವರ್ಷದ್ದು. ಕಟ್ಟಡ ಆಗಲೇ ನಿಂತಿದೆ. ಪೋಸ್ಟ್‌ಡಾಕ್ ಹುಡುಗಿಗೆ ನೇಮಕದ ಪತ್ರ ಆಗಲೇ ಹೋಗಿದೆ, ಧಾರವಾಡದಿಂದಲೋ ದಾವಣಗೆರೆಯಿಂದಲೋ ವೀಸಾ ಮಾಡಿಸಿಕೊಂಡು ಬಂದು ಕೆಲಸ ಶುರು ಮಾಡಿದ್ದಾಳೆ. ಮೂರು ವರ್ಷದ ಔಷಧ ಪ್ರಯೋಗಕ್ಕೆ ಸೇರಿಸಿಕೊಂಡ ರೋಗಿಗಳನ್ನು ಎರಡನೇ ವರ್ಷದಲ್ಲಿ ಮನೆಗೆ ಹೋಗಿ ಎನ್ನಲಾಗುವುದಿಲ್ಲ. ನನ್ನ ಉದಾಹರಣೆಯ ಅನುದಾನಕ್ಕೆ 52ರ ಬದಲು 15 ಹಾಕಿದರೆ 93,600 ಇದ್ದದ್ದು 27,000ಕ್ಕೆ ಇಳಿಯುತ್ತದೆ. ವರ್ಷಕ್ಕೆ 66,600 ಡಾಲರ್ ಖೋತಾ. ಆದರೆ ಕಟ್ಟಡವಾಗಲಿ, ಫ್ರೀಜರ್ ಆಗಲಿ, ಒಪ್ಪಿಕೊಂಡ ಕೆಲಸವಾಗಲಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಇನ್ನೊಂದು ಮಾತು ಆ ಸುತ್ತೋಲೆಯಲ್ಲೇ ಇದೆ. ಅನುದಾನ ಮಂಜೂರಾದ ದಿನಕ್ಕೇ ಹಿಂದೆ ಹೋಗಿ ಈ ಮಿತಿ ಹಾಕುವ ಅಧಿಕಾರವೂ ತನಗಿದೆ, ಆದರೆ ಹಾಗೆ ಮಾಡುತ್ತಿಲ್ಲ ಎಂದು ಎನ್‌ಐಎಚ್ ಹೇಳಿಕೊಂಡಿತ್ತು. ಇದನ್ನು ಓದಿದ ದಿನ ನನಗೆ ನಿಜವಾಗಿ ಭಯವಾಯಿತು. ಸಹಿ ಬಿದ್ದ ಒಪ್ಪಂದದ ದರವನ್ನು ಮೊದಲ ದಿನದಿಂದಲೇ ಅಳಿಸಬಲ್ಲೆ ಎನ್ನುವ ದಾನಿಯ ಹಣದ ಮೇಲೆ ಐದು ವರ್ಷದ ಕೆಲಸ ಹೇಗೆ ಯೋಜಿಸುವುದು?

"ಹಣ ಕೊಡುವವನಿಗೆ ದರ ಬದಲಿಸುವ ಅಧಿಕಾರ ಇಲ್ಲವೇ? ನಿಯಮದಲ್ಲೇ ವಿನಾಯಿತಿ ಇದೆಯಲ್ಲ" ಎಂದೂ ಅದೇ ವಿಜ್ಞಾನಿ ಕೇಳಿದ್ದಾರೆ. ಇದೆ. ಒಂದು ಅನುದಾನಕ್ಕೋ ಒಂದು ವರ್ಗದ ಅನುದಾನಕ್ಕೋ, ಕಾನೂನು ಬಯಸಿದರೆ ಅಥವಾ ದಾಖಲಾದ ಸಕಾರಣವಿದ್ದರೆ, ಒಪ್ಪಿದ ದರದಿಂದ ಸರಿಯಬಹುದು. ಎಲ್ಲ ಸಂಸ್ಥೆಗಳ ಎಲ್ಲ ಅನುದಾನಗಳನ್ನೂ ಒಂದು ವರ್ಗ ಎಂದುಬಿಟ್ಟರೆ ಆಮೇಲೆ ನಿಯಮ ಎನ್ನುವುದಕ್ಕೆ ಉಳಿಯುವುದೇನು? ಅಷ್ಟೇ ಅಲ್ಲ, 2017ರಲ್ಲಿ ಸರ್ಕಾರ ಈ ದರವನ್ನು ಶೇ. 10ಕ್ಕೆ ಇಳಿಸಲು ಹೊರಟಾಗ ಅಮೆರಿಕದ ಸಂಸತ್ತು ತಡೆಯಿತು. 2018ರಿಂದ ಎನ್‌ಐಎಚ್‌ಗೆ ಹಣ ಮಂಜೂರು ಮಾಡುವ ಕಾಯ್ದೆಯಲ್ಲೇ ಪರೋಕ್ಷ ವೆಚ್ಚದ ಪದ್ಧತಿಯನ್ನು ಬದಲಿಸಬಾರದೆಂಬ ಷರತ್ತು ಸೇರಿಸಿತು. ಹಣ ಕೊಡುವವರು ಯಾರು ಎಂಬ ಪ್ರಶ್ನೆಗೆ ಕೊನೆಯ ಉತ್ತರ ಆ ಸಂಸತ್ತೇ. ಅದು ಬೇಡ ಎಂದಿತ್ತು.

ನ್ಯಾಯಾಲಯಗಳೂ ಹೀಗೆಯೇ ಕಂಡವು. 22 ರಾಜ್ಯಗಳು ಫೆಬ್ರವರಿ 10ರಂದೇ ಬಾಸ್ಟನ್ನಿನ ಒಕ್ಕೂಟ ನ್ಯಾಯಾಲಯಕ್ಕೆ ಹೋದವು, ವೈದ್ಯಕೀಯ ಕಾಲೇಜುಗಳ ಮತ್ತು ವಿಶ್ವವಿದ್ಯಾಲಯಗಳ ಸಂಘಗಳೂ ಮೊಕದ್ದಮೆ ಹೂಡಿದವು. ನ್ಯಾಯಾಧೀಶೆ ಏಂಜೆಲ್ ಕೆಲಿ ಅದೇ ದಿನ ತಡೆ ಕೊಟ್ಟರು, ಮಾರ್ಚ್ 5ರಂದು ಅದನ್ನು ಮಧ್ಯಂತರ ಆದೇಶವಾಗಿ ಮುಂದುವರಿಸಿದರು, ಏಪ್ರಿಲ್ 4ರಂದು ಶಾಶ್ವತಗೊಳಿಸಿದರು. 2026ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಎತ್ತಿ ಹಿಡಿಯಿತು. "ಹಾಗಾದರೆ ಗೆದ್ದಿರಲ್ಲ, ಮತ್ತೆ ಯಾಕೆ ಬರೆಯುತ್ತೀರಿ" ಎಂದು ಕೇಳಿದವರಿದ್ದಾರೆ. ಇಂಧನ ಇಲಾಖೆ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ರಕ್ಷಣಾ ಇಲಾಖೆ ಒಂದರ ಹಿಂದೆ ಒಂದು ಅದೇ ಶೇ. 15ನ್ನು ಎತ್ತಿಕೊಂಡು ಬಂದವು ಎಂಬ ಕಾರಣಕ್ಕೆ ಬರೆಯುತ್ತೇನೆ. ವಿಜ್ಞಾನ ಪ್ರತಿಷ್ಠಾನ 2025ರ ಮೇ ತಿಂಗಳಲ್ಲಿ ತಂದ ಮಿತಿ ಹೊಸ ಅನುದಾನಗಳಿಗೆ ಮಾತ್ರ ಇತ್ತು. ಅದನ್ನೂ ಜೂನ್‌ನಲ್ಲಿ ನ್ಯಾಯಾಲಯ ರದ್ದು ಮಾಡಿತು. ಅಲ್ಲಿನ ಅಂಕಿಯ ಬಗ್ಗೆ ನನಗೆ ತಕರಾರಿದೆ, ಆದರೆ ಹಳೆಯ ಒಪ್ಪಂದವನ್ನು ಮುಟ್ಟಲಿಲ್ಲ ಎಂಬುದನ್ನು ಗೌರವದಿಂದಲೇ ಹೇಳುತ್ತೇನೆ.

ಹಾರ್ವರ್ಡ್ ಬಳಿ 5,000 ಕೋಟಿ ಡಾಲರ್‌ಗೂ ಮಿಕ್ಕಿದ ದತ್ತಿನಿಧಿ ಇದೆ, ಅದರಿಂದ ತುಂಬಿಕೊಳ್ಳಲಿ ಎಂಬ ಮಾತಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದರ ಬಹುಪಾಲನ್ನು ದಾನಿಗಳು ಇಂಥದ್ದಕ್ಕೇ ಎಂದು ಕಟ್ಟಿ ಕೊಟ್ಟಿದ್ದಾರೆ. ಅದಿರಲಿ, ಸುತ್ತೋಲೆ ಹೊರಟದ್ದು ಹಾರ್ವರ್ಡ್ ಒಂದಕ್ಕೇ ಅಲ್ಲ. ಅಂಥ ನಿಧಿ ಇಲ್ಲದ ರಾಜ್ಯ ವಿಶ್ವವಿದ್ಯಾಲಯಗಳೂ ಅದೇ ಸಾಲಿನಲ್ಲಿ ನಿಂತಿದ್ದವು.

"ನಮ್ಮಲ್ಲಿ ಇಷ್ಟು ಓವರ್‌ಹೆಡ್ ಯಾರು ಕೊಡುತ್ತಾರೆ? ಆದರೂ ಭಾರತೀಯ ವಿಜ್ಞಾನ ಸಂಸ್ಥೆ ನಡೆಯುತ್ತಿಲ್ಲವೇ?" ಎಂಬ ಪ್ರಶ್ನೆ ಮಾತ್ರ ಕನ್ನಡದ ಓದುಗರಿಗೆ ನೇರವಾಗಿ ತಟ್ಟುವಂಥದ್ದು. ನಡೆಯುತ್ತಿದೆ. ಏಕೆಂದರೆ ಅಲ್ಲಿನ ಪ್ರಾಧ್ಯಾಪಕರ ಸಂಬಳ, ಕಟ್ಟಡ, ನಿರ್ವಹಣೆಗೆಂದು ಕೇಂದ್ರ ಶಿಕ್ಷಣ ಸಚಿವಾಲಯ ನೇರವಾಗಿ ಅನುದಾನ ಕೊಡುತ್ತದೆ. ಹೆಬ್ಬಾಳದ ಬಳಿಯ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ಗೆ ಹಾಗೆಯೇ ಅಣುಶಕ್ತಿ ಇಲಾಖೆಯ ಆಸರೆ ಇದೆ. ಪ್ರಾಜೆಕ್ಟಿನ ಓವರ್‌ಹೆಡ್ ಅಲ್ಲಿ ಮೇಲೆ ಸುರಿದ ತುಪ್ಪ, ಅನ್ನ ಬೇರೆ ಕಡೆಯಿಂದ ಬರುತ್ತದೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರ ವಿಶ್ವವಿದ್ಯಾಲಯದ ಲ್ಯಾಬ್ ನಡೆಸಲು ಹಾಗೆ ಬೇರೆಯಾಗಿ ಕೊಡುವುದಿಲ್ಲ, ಈ ದರದ ಮೂಲಕವೇ ಕೊಡುತ್ತದೆ. ನಮ್ಮಲ್ಲೂ ಸಚಿವಾಲಯದ ಆಸರೆ ಇಲ್ಲದ ಸಣ್ಣ ಊರಿನ ಖಾಸಗಿ ಕಾಲೇಜಿನಲ್ಲಿ ಪ್ರಾಜೆಕ್ಟ್ ಗೆದ್ದ ಉಪನ್ಯಾಸಕರನ್ನು ಮಾತನಾಡಿಸಿ ನೋಡಿ. ಉಪಕರಣ ಬಂತು, ಅದಕ್ಕೆ ಎಸಿ ಹಾಕಿಸಲು ಹಣವಿಲ್ಲ ಎಂಬ ದೂರು ಕೇಳಿಬಂದರೆ ಆಶ್ಚರ್ಯಪಡಬೇಡಿ.

ಉಳಿಸಿದ ಹಣ ಸಂಶೋಧನೆಗೇ ಹೋಗುತ್ತದೆ ಎಂದು ನಂಬಿದವರು ಇದ್ದಾರೆ. ವರ್ಷಕ್ಕೆ 400 ಕೋಟಿ ಡಾಲರ್ ಉಳಿತಾಯ ಎಂದು ಎನ್‌ಐಎಚ್ ಸಾರಿತ್ತು. ಮೂರು ತಿಂಗಳೊಳಗೆ ಬಂದ 2026ರ ಬಜೆಟ್ ಪ್ರಸ್ತಾವದಲ್ಲಿ ಎನ್‌ಐಎಚ್‌ನ ಒಟ್ಟು ಹಣವನ್ನೇ ಸುಮಾರು ಶೇ. 40ರಷ್ಟು ಕಡಿತ ಮಾಡಲು ಸರ್ಕಾರ ಹೊರಟಿತ್ತು.

ದರದ ಪದ್ಧತಿ ಬದಲಾಗಬಾರದು ಎಂದು ನಾನು ಹೇಳುತ್ತಿಲ್ಲ. ಇಂದಿನ ಪದ್ಧತಿ ಹೊರಗಿನವರಿಗೆ ಅರ್ಥವೇ ಆಗದಷ್ಟು ತೊಡಕಾಗಿದೆ, ಮ್ಯಾನೇಜರರಂಥ ಲೆಕ್ಕ ಬಲ್ಲವರೇ ದಾರಿ ತಪ್ಪುವಷ್ಟು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ, ನಾವು ಯಾವತ್ತೂ ಬಿಡಿಸಿ ಹೇಳಲಿಲ್ಲ. 2025ರಲ್ಲಿ ಉನ್ನತ ಶಿಕ್ಷಣ ಸಂಘಗಳೆಲ್ಲ ಕೂಡಿ ಕೆಲ್ವಿನ್ ಡ್ರೋಗೆಮಯರ್ ಅವರ ನೇತೃತ್ವದಲ್ಲಿ ಒಂದು ಹೊಸ ಮಾದರಿ ತಯಾರಿಸಿದವು. ಫ್ರೀಜರಿನ ಕರೆಂಟನ್ನೂ ನೈತಿಕ ಸಮಿತಿಯ ಖರ್ಚನ್ನೂ ಆದಷ್ಟು ಮಟ್ಟಿಗೆ ಆಯಾ ಪ್ರಾಜೆಕ್ಟಿನ ಲೆಕ್ಕದಲ್ಲೇ ಕಾಣುವಂತೆ ತೋರಿಸುವುದು ಅದರ ಉದ್ದೇಶ. ಅದು ಬರಲಿ. ಮಾತುಕತೆಯಾಗಲಿ, ದರ ಇಳಿಯುವುದಿದ್ದರೆ ಇಳಿಯಲಿ, ಒಂದು ವರ್ಷ ಮೊದಲೇ ತಿಳಿಸಿ ಹೊಸ ಅನುದಾನಗಳಿಂದ ಆರಂಭಿಸಲಿ. ಆಗ ಪ್ರೊಫೆಸರರು ಅದಕ್ಕೆ ತಕ್ಕಂತೆ ಅರ್ಜಿ ಬರೆಯುತ್ತಾರೆ, ಡೀನ್ ಅದಕ್ಕೆ ತಕ್ಕಂತೆ ಕಟ್ಟಡ ಕಟ್ಟುತ್ತಾರೆ ಅಥವಾ ಕಟ್ಟುವುದಿಲ್ಲ.

ಸುತ್ತೋಲೆ ಜಾರಿಗೆ ಬರಬೇಕಿದ್ದ ಆ ಸೋಮವಾರ ಬೆಳಿಗ್ಗೆ ನಮ್ಮ ವಿಭಾಗದಲ್ಲಿ ಮೊದಲು ಮಾಡಿದ ಕೆಲಸ ಎನ್‌ಐಎಚ್ ಅನುದಾನಗಳ ಪಟ್ಟಿಯನ್ನು ಪ್ರಿಂಟ್ ತೆಗೆದದ್ದು. ಖಾತೆ ಸಂಖ್ಯೆ, ಪ್ರೊಫೆಸರರ ಹೆಸರು, ಆರಂಭ, ಮುಕ್ತಾಯ, ದರ. ದರದ ಅಂಕಣದಲ್ಲಿ 53.5, 52, 50, ಮತ್ತೆ 52, ಕೆಳಗೆಲ್ಲೋ ಒಂದು 48.5. ಪಕ್ಕದ ಮೇಜಿನ ಸಹೋದ್ಯೋಗಿ ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಅಂಚಿನಲ್ಲಿ 15 ಎಂದು ಬರೆಯಲು ಶುರು ಮಾಡಿದಳು. ಸಂಜೆ ತಡೆಯಾಜ್ಞೆಯ ಸುದ್ದಿ ಬಂದಾಗ ಮೂರನೇ ಹಾಳೆಯಲ್ಲಿದ್ದಳು. ಆ 48.5ರ ಅನುದಾನ 2019ರಲ್ಲಿ ಬಂದದ್ದು, ಐದು ವರ್ಷ ಮುಗಿದು ಹೆಚ್ಚುವರಿ ಹಣವಿಲ್ಲದ ಒಂದು ವರ್ಷದ ವಿಸ್ತರಣೆಯಲ್ಲಿತ್ತು. ಅದನ್ನು ಜೂನ್‌ನಲ್ಲಿ ಮುಚ್ಚಿದೆವು. ಕೊನೆಯ ಬಿಲ್ಲನ್ನೂ 48.5ಕ್ಕೇ ಹಾಕಿದೆ.